ಮನೆ ನೋಡಲು ಮಸ್ಕತ್ತಿಗೆ

ಕಾತ್ರಜ

ನನ್ನ ಮೊದಲ ವಿದೇಶ ಪ್ರವಾಸಕ್ಕೆ ಕಾರಣ ಒಂದು ವಡಾಪಾವ್. ಹುಬ್ಬಳ್ಳಿಗೆ ಹೊರಟಿದ್ದ ಗೆಳತಿಯನ್ನು ಪುಣೆಯ ಕಾತ್ರಜದಲ್ಲಿ ಬಸ್ಸು ಹತ್ತಿಸಿದ ಮೇಲೆ ಹಸಿವಾಯಿತು, ಗಾಡಿಯಲ್ಲಿ ಒಂದು ವಡಾಪಾವ್ ತೆಗೆದುಕೊಂಡೆ. ತಿಂದು ಮುಗಿಸಿ ಕಾಗದ ಎಸೆಯಲು ಹೋದರೆ ಅದರೊಳಗಿನಿಂದ ಒಬ್ಬ ಮೀಸೆಯ ತರುಣ ನನ್ನನ್ನೇ ನೋಡುತ್ತಿದ್ದ. ಯಾರದೋ ಪಾಸ್‌ಪೋರ್ಟಿನ ಝೆರಾಕ್ಸ್. ಅವನ ಹೆಸರು, ಅಪ್ಪನ ಹೆಸರು, ಮನೆಯ ವಿಳಾಸ ಎಲ್ಲ ಇತ್ತು, ಗಲ್ಲದ ಮೇಲೆ ಮಾತ್ರ ಎಣ್ಣೆ ಹರಡಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯವನು ಕೆಟ್ಟ ಹಾಳೆಗಳನ್ನು ಗಾಡಿಯವನಿಗೆ ಕೊಡುತ್ತಾನಂತೆ. ಆ ತರುಣನನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸಾಗಲಿಲ್ಲ. ಹರಿದು ಚೂರು ಮಾಡಿ ಪರ್ಸಿನಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ನನ್ನ ಹೆಸರು ಶಾಂತಾ. ಯಾದಗಿರಿ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು. ಗಂಡ ಮಲ್ಲಪ್ಪ ಟೈಲ್ಸ್ ಕೂಡಿಸುವ ಕೆಲಸದವರು. ನಾನು ಕೊಂಢವಾದಲ್ಲಿ ಜೋಳದ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುತ್ತೇನೆ. ನಮ್ಮಣ್ಣನ ಮನೆ ಎರಡು ಗಲ್ಲಿ ಆಚೆ. ಅವನ ಮಗಳು ರೇಣುಕಾ ಫಿಜಿಯೋಥೆರಪಿ ಓದಿದ್ದಾಳೆ, ಅಂದರೆ ಲಕ್ವ ಹೊಡೆದವರ ಕೈಕಾಲು ಮತ್ತೆ ಆಡುವಂತೆ ಮಾಡುವ ಕೆಲಸ. ನಮ್ಮ ಇಡೀ ಮನೆತನದಲ್ಲಿ ಸಿಮೆಂಟು ಮುಟ್ಟದೆ ಅನ್ನ ತಿನ್ನಲಿರುವ ಮೊದಲ ಜೀವ ಅವಳು.

ಅದೇ ಸಂಜೆ ರೇಣುಕಾ ಫೋನು ಹಿಡಿದು ಓಡಿ ಬಂದಳು. ಮಸ್ಕತ್ತಿನ ಒಂದು ಕ್ಲಿನಿಕ್ಕು ಅವಳನ್ನು ಫೋನಿನಲ್ಲೇ ಸಂದರ್ಶನ ಮಾಡಿ ಆರಿಸಿತ್ತು. ಇನ್ನು ಕಾಗದಪತ್ರ ಕಳಿಸಬೇಕು. ಪಾಸ್‌ಪೋರ್ಟು, ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲದರ ಫೋಟೋ ಬೇಕಂತೆ, ಪದವಿಯ ಅಸಲು ಸರ್ಟಿಫಿಕೇಟುಗಳನ್ನು ಕೊರಿಯರಿನಲ್ಲಿ ಹಾಕಬೇಕಂತೆ.

“ಜೂನ್ ಮೊದಲನೇ ವಾರದೊಳಗ ಕಳಸಬೇಕಂತ ಅತ್ತಿ. ಇಲ್ಲಂದ್ರ ಇನ್ನೊಬ್ಬಾಕಿ ಅದಾಳಂತ, ಆಕಿನ್ನ ತಗೋತಾರಂತ.”

“ಅವ್ರನ್ನ ಯಾರರೆ ನೋಡೀರೇನು?”

“ಫೋನಿನ್ಯಾಗ ನೋಡೇನಲ್ಲ. ಡಾಕ್ಟರ್ ಮೇಡಂ ಭಾಳ ಚೊಲೊ ಅದಾರ.”

ನನಗೆ ಎಣ್ಣೆ ಗಲ್ಲದ ತರುಣ ನೆನಪಾದ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಮನೆ ನೋಡಲು ಹೋಗುವ ಪದ್ಧತಿ ಇದೆ. ಹೆಂಗಸರು ಹೋಗಿ ಅವರ ಮನೆಯ ನೀರು ಕುಡಿದು, ಅಡುಗೆಮನೆ, ಹಿತ್ತಲು ನೋಡಿ, ಪಕ್ಕದ ಮನೆಯವರನ್ನು ಮಾತಾಡಿಸಿ ಬಂದ ಮೇಲೆಯೇ ಮಾತು ಮುಂದುವರಿಯುವುದು. ಮೂರು ಮೈಲಿ ದೂರದ ಊರಿಗೆ ಕೊಡುವಾಗಲೂ ನೋಡುವ ನಾವು, ಕಡಲಾಚೆಗೆ ಹುಡುಗಿಯ ಓದು, ಹೆಸರು, ಮುಖ ಎಲ್ಲ ಕಟ್ಟಿ ಕಳಿಸುವಾಗ ನೋಡಬಾರದೇ?

“ನಾ ಹೋಗಿ ಮನಿ ನೋಡಿ ಬರ್ತೀನಿ,” ಎಂದೆ. “ನಾ ಹೂಂ ಅನ್ನೂತನ ಒಂದ ಹಾಳಿನೂ ಕಳಸಬ್ಯಾಡ.”

ಅಣ್ಣ ನಕ್ಕ. ರೇಣುಕಾ ಅತ್ತಳು. ಆದರೆ ಡಾಕ್ಟರ್ ಮೇಡಂ ಫೋನಿನಲ್ಲಿ ಕೇಳಿ, ಬನ್ನಿ, ನಮ್ಮ ಹುಡುಗಿಯರ ಫ್ಲಾಟಿನಲ್ಲೇ ಇಳಿದುಕೊಳ್ಳಿ ಎಂದರು. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು. ಯಾವುದೋ ಯಾತ್ರೆಗೆಂದು ಮಾಡಿಸಿದ್ದು, ಯಾತ್ರೆ ರದ್ದಾಗಿ ಪೆಟ್ಟಿಗೆಯಲ್ಲೇ ಕೂತಿತ್ತು. ವೀಸಾದ ವ್ಯವಸ್ಥೆಗೆ ಕ್ಲಿನಿಕ್ಕಿನ ಮ್ಯಾನೇಜರ್ ಪ್ರಕಾಶ ಅದರ ಪ್ರತಿ, ಒಂದು ಫೋಟೋ ಕೇಳಿದರು. ನಾನು ಅದರ ಜೊತೆಗೆ ಆಧಾರ್, ಪ್ಯಾನ್, ಲೈಟ್ ಬಿಲ್ಲು ಎಲ್ಲ ವಾಟ್ಸಾಪಿನಲ್ಲಿ ಹಾಕಿಬಿಟ್ಟೆ, ಬೇಕಾದರೆ ಇರಲಿ ಎಂದು. ಐವತ್ತು ದಾಟಿದ, ರೊಟ್ಟಿ ಬಡಿಯುವ ಹೆಂಗಸಿನ ಕಾಗದ ಯಾರಿಗೆ ಬೇಕು? ನನ್ನ ಎಚ್ಚರವೆಲ್ಲ ರೇಣುಕಾಳದ್ದಕ್ಕೆ ಖರ್ಚಾಗಿತ್ತು.

ಮುಂಬೈ

ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ಯಂತ್ರದೊಳಗೆ ಹೋಗಿ ಹೊರಗೆ ಬರಲಿಲ್ಲ. ಶೇಂಗಾ ಚಟ್ನಿಯ ಪುಡಿ ತಡೆದಿತ್ತು. ಅಲ್ಲಿದ್ದ ಹೆಣ್ಣುಮಗಳು ಡಬ್ಬಿ ತೆಗೆಸಿ, ಮೂಸಿ, ಇನ್ನೊಬ್ಬಳನ್ನು ಕರೆದಳು. ಅವಳೂ ಮೂಸಿದಳು. ಕೊನೆಗೆ ಮೊದಲನೆಯವಳು ಸೋಲಾಪುರದವಳೆಂದು ತಿಳಿದು ಚಟ್ನಿ ಪಾರಾಯಿತು. ರೊಟ್ಟಿಯ ಗಂಟನ್ನು ಯಾರೂ ಕೇಳಲಿಲ್ಲ.

ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಅಧಿಕಾರಿ, “ಕಶಾಲಾ ಚಾಲ್ಲಾಯ್ ಮಾವಶಿ?” ಎಂದು ಮರಾಠಿಯಲ್ಲಿ ಕೇಳಿದ. ಯಾಕೆ ಹೊರಟಿರಿ ಅಂದರೆ ನಿಜವನ್ನೇ ಹೇಳಬೇಕಲ್ಲ, ಹುಡುಗಿಗಾಗಿ ಮನೆ ನೋಡಲು ಎಂದೆ. ಅವನ ಮುಖ ಅರಳಿತು. “ಸ್ಥಳ ಚಾಂಗಲಂ ಆಹೇ ಕಾ?” ಎಂದ, ಸಂಬಂಧ ಒಳ್ಳೆಯದಿದೆಯೇ ಎಂದು. ನೋಡಿದ ಮೇಲೆ ಹೇಳುತ್ತೇನೆ ಎಂದೆ. ಹಿಂದಿನ ಸಾಲು ಉದ್ದವಾಗಿತ್ತು, ಬಿಡಿಸಿ ಹೇಳುತ್ತ ನಿಲ್ಲಲಿಲ್ಲ.

ಮಸ್ಕತ್, ಮೊದಲ ದಿನ

ಬಾಗಿಲು ದಾಟಿ ಹೊರಗೆ ಬಂದೊಡನೆ ರೊಟ್ಟಿಯ ಹಂಚಿನ ಮೇಲೆ ಬಗ್ಗಿದಂತಾಯಿತು. ಈ ಬಿಸಿ ನನಗೆ ಗೊತ್ತಿದ್ದದ್ದೇ, ಆದರೆ ಮನೆಯಲ್ಲಿ ಒಲೆ ಆರಿಸಬಹುದು. ಪ್ರಕಾಶ ನನ್ನ ಹೆಸರಿನ ಹಲಗೆ ಹಿಡಿದು ನಿಂತಿದ್ದರು. ಕುಂದಾಪುರ ಕಡೆಯವರು, ನಲವತ್ತರ ಆಸುಪಾಸು, ನಗುಮುಖ. ನನ್ನ ಚೀಲ ಕಸಿದುಕೊಂಡು ತಾವೇ ಹೊತ್ತರು, ಕೈಗೆ ತಣ್ಣನೆಯ ಮಜ್ಜಿಗೆ ಕೊಟ್ಟರು, ಇಲ್ಲಿಯ ಸಿಮ್ಮನ್ನೂ ಕೊಟ್ಟರು.

“ಎಂತ ಅಕ್ಕಾ, ಬಿಸಿಲು ಜಾಸ್ತಿಯಾ? ಹೆದರ್ಬೇಡಿ, ಇಲ್ಲಿ ಎಲ್ಲ ನಮ್ಮವರೇ ಉಂಟು.”

ಮಸ್ಕತ್ತಿನ ಮನೆಗಳು ಬೆಳ್ಳಗೆ, ಗಿಡ್ಡಗೆ, ಹಿಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡ. ಯಾರೂ ಹಾರ್ನ್ ಹೊಡೆಯುವುದಿಲ್ಲ. ಫ್ಲಾಟಿನ ಮುಂದಿನ ರಸ್ತೆ ದಾಟಲೆಂದು ನಾನು ಅಂಚಿಗೆ ನಿಂತರೆ ಕಾರುಗಳು ನಿಂತುಬಿಟ್ಟವು. ಏನೋ ಅಡ್ಡ ಬಂದಿರಬೇಕು ಎಂದು ನಾನೂ ನಿಂತೆ. ಅವರೂ ಕಾದರು, ನಾನೂ ಕಾದೆ. ಕೊನೆಗೆ ಒಬ್ಬ ಬಿಳಿ ನಿಲುವಂಗಿಯವನು ಕಿಟಕಿ ಇಳಿಸಿ, ದಯವಿಟ್ಟು ದಾಟಿ ಎಂದು ಕೈ ತೋರಿಸಿದ. ಕೊಂಢವಾದಲ್ಲಿ ರಸ್ತೆ ದಾಟಿ ದಾಟಿ ನಾನು ಗಟ್ಟಿಗಿತ್ತಿಯಾಗಿದ್ದೇನೆ ಅಂದುಕೊಂಡಿದ್ದೆ. ಇಲ್ಲಿ ಅದು ಯಾವ ಕೆಲಸಕ್ಕೂ ಬರಲಿಲ್ಲ.

ಕಟ್ಟಡದ ಕಾವಲುಗಾರ ನನ್ನನ್ನು ಕಂಡವನೇ ಎದ್ದು ನಿಂತು ಹಿಂದಿಯಲ್ಲಿ, “ಮಲ್ಲಪ್ಪಜಿ ಹೇಗಿದ್ದಾರೆ?” ಎಂದು ಕೇಳಿದ. ಕೆಳಗಿನ ಕಿರಾಣಿ ಅಂಗಡಿಯ ಕೇರಳದವನು ನಾನು ಬಾಯಿ ತೆರೆಯುವ ಮೊದಲೇ ಜೋಳದ ಹಿಟ್ಟಿನ ಚೀಲ ಮುಂದಿಟ್ಟು, ಕೊಂಢವಾದ ಅಕ್ಕ ಅಲ್ಲವೇ ಎಂದ. ನನಗೆ ಖುಷಿಯಾಯಿತು. ಪುಣೆಯಲ್ಲಿ ಇಪ್ಪತ್ತೈದು ವರ್ಷ ಇದ್ದರೂ ನಮ್ಮ ಮೇಲಿನ ಮನೆಯವರಿಗೆ ನನ್ನ ಹೆಸರು ಗೊತ್ತಿಲ್ಲ. ಇಲ್ಲಿ ಬಂದು ಅರ್ಧ ದಿನ ಆಗಿಲ್ಲ, ಗಂಡನ ಕ್ಷೇಮವನ್ನೂ ಕೇಳುತ್ತಾರೆ. ರಾತ್ರಿ ಫೋನಿನಲ್ಲಿ ಇದನ್ನು ಹೇಳಿದರೆ ಮಲ್ಲಪ್ಪನವರಿಗೂ ಹೆಮ್ಮೆಯಾಯಿತು.

ಕ್ಲಿನಿಕ್ಕು

ಮರುದಿನ ಮನೆ ನೋಡುವ ಶಾಸ್ತ್ರ. ಡಾಕ್ಟರ್ ವಸುಧಾ ಮೈಸೂರಿನವರು, ನನ್ನ ವಯಸ್ಸಿನವರೇ, ಕೂದಲಿಗೆ ಬಣ್ಣ ಹಚ್ಚದವರು. ನಾನು ಬಂದ ಉದ್ದೇಶ ಕೇಳಿ ಅವರು ನಗಲಿಲ್ಲ. “ಸರಿಯಾಗೇ ಮಾಡಿದೀರ. ಎಲ್ಲ ನೋಡಿ, ಯಾರನ್ನ ಬೇಕಾದ್ರೂ ಕೇಳಿ,” ಎಂದರು.

ನೀರು ಕೇಳಿ ಕುಡಿದೆ. ಬಚ್ಚಲು ನೋಡಿದೆ. ಅಡುಗೆಮನೆ ಅನ್ನುವಂಥದ್ದು ಇರಲಿಲ್ಲ, ಚಹಾ ಮಾಡುವ ಮೂಲೆ ಇತ್ತು, ಅಲ್ಲಿಯ ಬಟ್ಟೆಯನ್ನೂ ಮುಟ್ಟಿ ನೋಡಿದೆ, ತೊಳೆದದ್ದೇ. ಕೆಲಸದ ಹುಡುಗಿಯರಲ್ಲಿ ಶಿವಮೊಗ್ಗದ ಸೌಮ್ಯ ಎಂಬವಳನ್ನು ಪಕ್ಕಕ್ಕೆ ಕರೆದು, ನಿನ್ನ ಪಾಸ್‌ಪೋರ್ಟು ಎಲ್ಲಿದೆ ಎಂದೆ. ಅವಳು ತನ್ನ ಕಪಾಟು ತೆಗೆದು ತೋರಿಸಿದಳು, ಕೀಲಿಯೂ ಅವಳದೇ. ರಜೆ? ಕೊಡುತ್ತಾರೆ. ಬೈಗುಳ? ಇಲ್ಲ. ಹೊರಗೆ ಓಡಾಟ? ಶುಕ್ರವಾರ ಸಮುದ್ರಕ್ಕೆ ಹೋಗುತ್ತೇವೆ ಎಂದಳು.

ಒಳಗೆ ಒಬ್ಬ ಅರಬ್ ಅಜ್ಜ ಕಪ್ಪು ಹಿಡಿಯುವುದನ್ನು ಮತ್ತೆ ಕಲಿಯುತ್ತಿದ್ದ. ಅವನ ಮಗ ನನಗೂ ಕಾಫಿ ಬಗ್ಗಿಸಿ ಕೊಟ್ಟ. ಗುಬ್ಬಿ ಕುಡಿಯುವಷ್ಟು ಚಿಕ್ಕ ಬಟ್ಟಲು, ಹಾಲು ಸಕ್ಕರೆ ಇಲ್ಲದ, ಏಲಕ್ಕಿ ಹಾಕಿದ ಕಾಫಿ, ಜೊತೆಗೆ ಖರ್ಜೂರ. ಕುಡಿದು ಕೆಳಗಿಟ್ಟರೆ ಮತ್ತೆ ತುಂಬಿದ. ಮರ್ಯಾದೆಗೆ ಕುಡಿದೆ, ಮತ್ತೆ ತುಂಬಿದ. ನನ್ನ ಎದೆ ಡವಗುಟ್ಟಲು ಶುರುವಾದ ಮೇಲೆ ಆ ಅಜ್ಜ ತನ್ನ ಖಾಲಿ ಬಟ್ಟಲನ್ನು ನಡುಗುವ ಕೈಯಲ್ಲಿ ಎತ್ತಿ ಅತ್ತಿತ್ತ ಅಲ್ಲಾಡಿಸಿದ. ಹಾಗೆ ಅಲ್ಲಾಡಿಸಿದರೆ ಸಾಕು ಎಂದರ್ಥವಂತೆ. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದ ಹಾಗೆ. ಅವನು ಆ ಕೈ ಎತ್ತಿದ್ದು ಬಹಳ ದಿನದ ಮೇಲೆ ಎಂದು ಸೌಮ್ಯ ಹೇಳಿದಳು, ಮಗನ ಕಣ್ಣು ತುಂಬಿತ್ತು. ರೇಣುಕಾ ಮಾಡಲಿರುವುದು ಇದೇ ಕೆಲಸ ಎಂದು ನೆನೆದು, ಒಂದು ಖರ್ಜೂರವನ್ನು ಅವಳಿಗೆಂದು ಸೆರಗಿಗೆ ಕಟ್ಟಿಕೊಂಡೆ.

ಮನೆ ಒಳ್ಳೆಯದು. ಹೂಂ ಅನ್ನಬೇಕೆಂದು ಅಲ್ಲೇ ನಿಶ್ಚಯಿಸಿದೆ. ಆದರೂ ರೇಣುಕಾಗೆ ಫೋನಿನಲ್ಲಿ ಮನೆ ಚೆನ್ನಾಗಿದೆ ಎಂದಷ್ಟೇ ಹೇಳಿ, ಹೂಂ ಅನ್ನುವುದನ್ನು ಒಂದು ದಿನ ತಡೆದೆ. ನೋಡಿದ ದಿನವೇ ಒಪ್ಪಿದರೆ ನಮಗೆ ಬೇರೆ ಗತಿಯಿಲ್ಲ ಅಂದುಕೊಳ್ಳುತ್ತಾರೆ ಎಂದು ನಮ್ಮವ್ವ ಕಲಿಸಿದ್ದಳು.

ಜೂನ್ ಒಂದು

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹೊರಗೆ ಕಾವಲುಗಾರ, ಕೈಯಲ್ಲಿ ಗುಲಾಬಿ. “ಹ್ಯಾಪಿ ಬರ್ತ್‌ಡೇ, ಮಾತಾಜಿ.”

ಯಾರದು ಎಂದು ಹಿಂದೆ ತಿರುಗಿ ನೋಡಿದೆ. ಅಷ್ಟರಲ್ಲಿ ಫೋನು ಟಿಣ್ ಟಿಣ್ ಎನ್ನತೊಡಗಿತು. ಕಿರಾಣಿ ಅಂಗಡಿಯವನು. ಯಾವುದೋ ಅತ್ತರಿನ ಅಂಗಡಿ. ಒಂದು ಬಂಗಾರದ ಅಂಗಡಿ. ಮನೆ ಬಾಡಿಗೆಯ ದಲಾಲ. ದೂರದ ಸೋಹಾರ್ ಊರಿನ ಒಬ್ಬ, ಕನ್ನಡದಲ್ಲಿ: ‘ಶಾಂತಕ್ಕನವರಿಗೆ ಹಾರ್ದಿಕ ಶುಭಾಶಯ, ಕೊಂಢವಾದಲ್ಲಿ ನಮ್ಮ ಷಡ್ಡಕನೂ ಇದ್ದಾನೆ.’ ಕ್ಲಿನಿಕ್ಕಿಗೆ ಹೋದರೆ ಪ್ರಕಾಶ ಕೇಕು ಹಿಡಿದು ನಿಂತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿ ಹಾಡಿದರು. ನಾನು ಕೇಕು ಕತ್ತರಿಸಿದೆ, ಆದರೆ ಒಂದು ಚೂರೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಯಾಕೆಂದರೆ ಅದು ನನ್ನ ಹುಟ್ಟುಹಬ್ಬವೇ ಅಲ್ಲ.

ನಾನು ಹುಟ್ಟಿದ್ದು ಮಳೆಗಾಲ ಮುಗಿದ ಮೇಲೆ ಬರುವ ಸೀಗಿ ಹುಣ್ಣಿಮೆಯ ಮರುದಿನ. ನಮ್ಮವ್ವ ಹೊಲದಿಂದ ಬಂದು ಬುತ್ತಿಯ ಬುಟ್ಟಿ ಇಳಿಸಿ ನೇರ ಬಾಣಂತಿ ಕೋಣೆಗೆ ಹೋದಳಂತೆ. ನಮ್ಮ ಕಾಲಕ್ಕೆ ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಹುಟ್ಟಿದ ದಿನ ಕೇಳುತ್ತಿರಲಿಲ್ಲ, ಎಲ್ಲ ಮಕ್ಕಳಿಗೂ ಜೂನ್ ಒಂದು ಎಂದು ಬರೆಯುತ್ತಿದ್ದರು. ನಮ್ಮ ವರ್ಗದ ಅರ್ಧ ಮಂದಿ ಒಂದೇ ದಿನ ಹುಟ್ಟಿದವರು. ಆ ದಿನ ಮನೆಯಲ್ಲಿ ಯಾರೂ ಸಕ್ಕರೆ ಕೂಡ ತಿನ್ನುವುದಿಲ್ಲ. ಮಲ್ಲಪ್ಪನವರಿಗೆ ಅದು ನೆನಪಿಲ್ಲ, ಮಕ್ಕಳಿಗೆ ಗೊತ್ತಿಲ್ಲ. ಯಾವ ಬಾಯಿಯಲ್ಲೂ ಇಲ್ಲದ ದಿನ ಅದು, ಇರುವುದು ಕಾಗದದ ಮೇಲೆ ಮಾತ್ರ. ಹಾಗಾದರೆ ಶುಭಾಶಯ ಹೇಳಿದ ಪ್ರತಿಯೊಬ್ಬನೂ ನನ್ನ ಕಾಗದ ನೋಡಿದ್ದಾನೆ. ಮಲ್ಲಪ್ಪ ಹೇಗಿದ್ದಾರೆ ಎಂಬ ಪ್ರಶ್ನೆಯೂ ಅಲ್ಲಿಂದಲೇ ಬಂದದ್ದು. ನನ್ನ ಪ್ರಸಿದ್ಧಿಯ ಬಣ್ಣ ಕೇಕಿನ ಮುಂದೆ ನಿಂತಲ್ಲೇ ತೊಳೆದುಹೋಯಿತು.

ಕೇಕು ಹಂಚಿ ಮುಗಿದ ಮೇಲೆ ಪ್ರಕಾಶರನ್ನು ಕೂರಿಸಿಕೊಂಡು ಕೇಳಿದೆ.

“ಪ್ರಕಾಶಣ್ಣ, ನನ್ನ ಕಾಗದ ಯಾರ್‍ಯಾರಿಗೆ ಕೊಟ್ಟೀರಿ?”

ಅವರು ಒಂದಿಷ್ಟೂ ಅಳುಕದೆ ಫೋನು ತೆಗೆದು ತೋರಿಸಿದರು. ಇಲ್ಲಿಯ ಕನ್ನಡದವರ ಗುಂಪಿನಲ್ಲಿ ನನ್ನ ಪಾಸ್‌ಪೋರ್ಟು, ಆಧಾರ್, ಪ್ಯಾನ್, ಲೈಟ್ ಬಿಲ್ಲು ಸಾಲಾಗಿ ನಿಂತಿದ್ದವು. ಕೆಳಗೆ ನನ್ನ ಫೋನ್ ನಂಬರು, ಅದರ ಜೊತೆ ಅವರದೇ ಮಾತು: ‘ಪುಣೆಯಿಂದ ಶಾಂತಕ್ಕ ಬರ್ತಾ ಇದ್ದಾರೆ, ಹೊಸಬರು, ಎಲ್ಲರೂ ನೋಡಿಕೊಳ್ಳಿ. ಜೋಳದ ಹಿಟ್ಟು ಯಾರಲ್ಲಿ ಉಂಟು?’

“ಯಾರು ಬಂದ್ರೂ ಹೀಗೇ ಹಾಕುದು ಅಕ್ಕಾ. ಏರ್‌ಪೋರ್ಟಲ್ಲಿ ಗುರ್ತ ಸಿಗ್ತದೆ, ಹೆಲ್ಪ್ ಆಗ್ತದೆ. ನಮ್ಮವರೇ ಅಲ್ಲವಾ ಎಲ್ಲ?”

“ಈ ಗುಂಪಿನ್ಯಾಗ ಎಷ್ಟ ಮಂದಿ ಅದಾರ? ಅವ್ರೆಲ್ಲಾ ನಿಮಗ ಗೊತ್ತೇನು?”

ಅವರು ತಲೆ ಕೆರೆದುಕೊಂಡರು. ಮೊದಮೊದಲು ಗೊತ್ತಿತ್ತಂತೆ, ಈಗ ಯಾರು ಯಾರನ್ನು ಸೇರಿಸುತ್ತಾರೋ ಹೇಳಲಾಗದಂತೆ. ಗುಂಪಿನ ಹೊರಗೆ? ಕಾವಲುಗಾರನಿಗೆ, ಟ್ರಾವೆಲ್ಸಿನವನಿಗೆ, ಸಿಮ್ಮಿನ ಅಂಗಡಿಯವನಿಗೆ. ಹೇಳುತ್ತ ಹೇಳುತ್ತ ಅವರ ನಗು ಸಣ್ಣದಾಯಿತು.

ಸಿಮ್ಮಿನ ಅಂಗಡಿಗೆ ಹೋಗೋಣ ಎಂದೆ. ಅಂಗಡಿಯವನು ನನ್ನ ಪಾಸ್‌ಪೋರ್ಟು ನೋಡಿ ಕಂಪ್ಯೂಟರಿನಲ್ಲಿ ಹುಡುಕಿ, ನಿಮ್ಮ ಹೆಸರಲ್ಲಿ ಇನ್ನೂ ಒಂದು ನಂಬರು ಇದೆ, ಚಾಲ್ತಿಯಲ್ಲಿದೆ ಎಂದ. ಆಗ ಪ್ರಕಾಶರಿಗೆ ನೆನಪಾಯಿತು. ನನ್ನ ವೀಸಾ ತಡವಾಗಿತ್ತು. ಮೊದಲೇ ತಂದಿಟ್ಟ ಸಿಮ್ಮು ಸುಮ್ಮನೆ ಬಿದ್ದಿರುವುದೇಕೆ ಎಂದು, ಹೊಸದಾಗಿ ಬಂದು ಫೋನಿಲ್ಲದೆ ಒದ್ದಾಡುತ್ತಿದ್ದ ಒಬ್ಬ ಡೆಲಿವರಿ ಹುಡುಗನಿಗೆ ಕೊಟ್ಟಿದ್ದರು. ಅವನು ಈಗ ಸಲಾಲಾಕ್ಕೋ ಎಲ್ಲಿಗೋ ಹೋಗಿದ್ದಾನೆ. ಹೆಸರೂ ಸರಿಯಾಗಿ ಗೊತ್ತಿಲ್ಲ. ನಾನು ಕೊಂಢವಾದಲ್ಲಿ ರೊಟ್ಟಿ ಬಡಿಯುತ್ತಿದ್ದಾಗಲೇ ಇಲ್ಲಿ ಇನ್ನೊಬ್ಬ ಶಾಂತಾ ಯಾರ ಜೊತೆಗೋ ಏನೋ ಮಾತಾಡುತ್ತಿದ್ದಳು. ಆ ನಂಬರನ್ನು ಅಲ್ಲೇ ಬಂದ್ ಮಾಡಿಸಿದೆವು. ಅದರಿಂದ ಏನೇನು ನಡೆದಿತ್ತು ಎಂದು ಹೇಳುವವರು ಯಾರೂ ಇರಲಿಲ್ಲ. ನಿಜವಾಗಿ ಹೆದರಿದೆ.

ಹೊರಗೆ ಬಂದು ನೆರಳು ಹುಡುಕಿ ನಿಂತು ರೇಣುಕಾಗೆ ಫೋನು ಮಾಡಿದೆ.

“ಕಳಸಲೇನತ್ತಿ? ಎಲ್ಲಾ ತೆಗದಿಟ್ಕೊಂಡ ಕುಂತೀನಿ.”

“ಬ್ಯಾಡ.”

“ನೀನಽ ಮನಿ ಚೊಲೊ ಅದ ಅಂದಿ.”

“ಮನಿ ಚೊಲೊ ಅದವಾ. ಅದಕ ಬಾಗಲ ಇಲ್ಲ. ನಾ ಹೇಳೂತನ ತಡಿ.”

“ಆ ಕೆಲಸ ಹೋದ್ರ ನಿನ್ನ ಮ್ಯಾಲ ಹೋತು ನೋಡು,” ಎಂದು ಅವಳು ಫೋನು ಇಟ್ಟಳು. ಅವಳ ಮಾತು ತಪ್ಪೂ ಅಲ್ಲ.

ಡಾಕ್ಟರ್ ಮೇಡಂ ಕೋಣೆ

ಸಂಜೆ ಕೊನೆಯ ರೋಗಿ ಹೋದ ಮೇಲೆ ಮೇಡಂ ಮುಂದೆ ಕೂತು ಎಲ್ಲ ಹೇಳಿದೆ. ಹುಟ್ಟುಹಬ್ಬದ ಕಥೆ ಕೇಳಿ ಅವರು ಮೊದಲು ನಕ್ಕರು, ಸಿಮ್ಮಿನದು ಕೇಳಿ ಪ್ರಕಾಶರನ್ನು ಒಳಗೆ ಕರೆಸಿದರು. ಅಸಲು ಸರ್ಟಿಫಿಕೇಟು ಏಕೆ ಬೇಕು ಎಂದು ಕೇಳಿದೆ. ಅವರಿಗೇ ಗೊತ್ತಿರಲಿಲ್ಲ. ಮೊದಲಿಂದ ಹಾಗೇ ತರಿಸಿಕೊಳ್ಳುತ್ತಿದ್ದೇವೆ ಎಂದು ಪ್ರಕಾಶ ಹೇಳಿದರು. ಅವರ ಮುಖ ನೋಡಲಾಗುತ್ತಿರಲಿಲ್ಲ.

“ನಾನು ಕೆಟ್ಟದ್ದು ಮಾಡ್ಲಿಕ್ಕೆ ಮಾಡಿದ್ದಲ್ಲ ಅಕ್ಕಾ.”

“ನನಗ ಗೊತ್ತದರಿ. ನೀವು ಕೆಟ್ಟವರಾಗಿದ್ರ ನಾ ಇಷ್ಟ ಹೊತ್ತ ಮಾತಾಡ್ತಿದ್ದಿಲ್ಲ, ಎದ್ದ ಹೋಗ್ತಿದ್ದೆ.”

ಬಾಗಿಲಲ್ಲಿ ಸೌಮ್ಯ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. “ಪ್ರಕಾಶ್ ಸರ್, ನಾನು ಬರುವಾಗ ನಂದೂ ಹಾಕಿದ್ರಾ?” ಎಂದು ಮೆಲ್ಲಗೆ ಕೇಳಿದಳು. ಪ್ರಕಾಶ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅವಳು ಬೇರೇನೂ ಕೇಳದೆ ಹೋದಳು. ನಾನು ಹೇಳಿದ್ದಕ್ಕಿಂತ ಅವಳು ಹಾಗೆ ಹೋದದ್ದೇ ಮೇಡಂಗೆ ಹೆಚ್ಚು ತಾಕಿತು ಎಂದು ಕಾಣುತ್ತದೆ.

ಕೊನೆಗೆ, “ಏನ್ ಮಾಡಿದ್ರೆ ನೀವು ಹೂಂ ಅಂತೀರ, ಹೇಳಿ,” ಎಂದರು.

ನಮ್ಮಲ್ಲಿ ಮನೆ ನೋಡಿದ ಮೇಲೆ ಮಾತುಕತೆಯ ಶಾಸ್ತ್ರ ಬೇರೆಯೇ ಇದೆ, ಅದನ್ನು ಮಾಡಿದೆ. ಅಸಲು ಯಾವುದೂ ಕೊಂಢವಾದಿಂದ ಮೊದಲೇ ಹೊರಡುವುದಿಲ್ಲ. ಹುಡುಗಿ ಬರುವಾಗ ತಾನೇ ತಂದು ತೋರಿಸಿ ತಾನೇ ಇಟ್ಟುಕೊಳ್ಳುತ್ತಾಳೆ. ಬ್ಯಾಂಕಿನದು ಕೆಲಸಕ್ಕೆ ಸೇರಿದ ಮೇಲೆ. ಆಧಾರ್, ಪ್ಯಾನ್ ಇಲ್ಲಿಯವರಿಗೆ ಬೇಕಿಲ್ಲ ಎಂದು ಮೇಡಂ ತಾವೇ ತೆಗೆದುಹಾಕಿದರು. ಉಳಿದ ಪ್ರತಿಗಳ ಮೇಲೆ ಯಾವ ಕೆಲಸಕ್ಕೆ, ಯಾರಿಗೆ ಎಂದು ಅಡ್ಡಲಾಗಿ ಬರೆದು, ಮೇಡಂ ಒಬ್ಬರಿಗೇ ಕಳಿಸುವುದು. ಗುಂಪಿನಲ್ಲಿ ಹೆಸರು ಮಾತ್ರ ಹಾಕಬಹುದು, ಜೋಳದ ಹಿಟ್ಟಿಗಾಗಿ.

ಅಷ್ಟು ಹೊತ್ತಿನಲ್ಲಿ ಪ್ರಕಾಶ ಮೊದಲ ಸಲ ನಕ್ಕರು. ಗುಂಪಿನಿಂದ ನನ್ನ ಕಾಗದಗಳನ್ನು ಅಳಿಸಲು ಕೂತರು, ಸೌಮ್ಯಳವನ್ನೂ ಹುಡುಕಿದರು. ತಮ್ಮ ಫೋನಿನಿಂದ ಅಳಿಸಿದರು. ಬೇರೆಯವರ ಫೋನಿನಲ್ಲಿ ಇಳಿದದ್ದಕ್ಕೆ ಅವರ ಕೈಯಲ್ಲೂ ಏನೂ ಇರಲಿಲ್ಲ.

ಅಂಗಳಕ್ಕೆ ಬಂದು ರೇಣುಕಾಗೆ ಫೋನು ಹಚ್ಚಿ ಹೂಂ ಎಂದೆ. ರೇಣುಕಾ ಫೋನಿನಲ್ಲೇ ಕಿರುಚಿದ್ದು ರಸ್ತೆಯ ಆಚೆಗೂ ಕೇಳಿಸಿರಬೇಕು. ಒಂದು ಕಾರು ನಿಂತು ನನಗೆ ದಾರಿ ಬಿಟ್ಟಿತು, ನಾನು ದಾಟುವವಳೇ ಅಲ್ಲದಿದ್ದರೂ.

ಮರಳಿ ಕೊಂಢವಾ

ಬಂದ ದಿನ ಎಲ್ಲರೂ ಸಮುದ್ರ ಹೇಗಿತ್ತು ಎಂದು ಕೇಳಿದರು. ನಾನು ಸಮುದ್ರ ನೋಡಿದ್ದು ಹಿಂದಿರುಗುವ ಹಿಂದಿನ ಸಂಜೆ, ಮತ್ರಾ ಎಂಬಲ್ಲಿ. ಬಂದರಿನ ಪಕ್ಕದ ಹಳೆಯ ಬಜಾರು, ಗಲ್ಲಿ ತುಂಬ ಲೋಬಾನದ, ನಮ್ಮ ಸಾಂಬ್ರಾಣಿಯಂಥ ಧೂಪದ ಹೊಗೆ. ಒಂದು ಪೊಟ್ಟಣ ತಂದೆ. ಅದನ್ನು ಹಾಕಿದ ದಿನ ನಮ್ಮ ಇಡೀ ಚಾಳು, ಯಾರ ಮನೆಯಲ್ಲಿ ಪೂಜೆ ಎಂದು ಕೇಳುತ್ತದೆ.

ಮನೆಗೆ ಬಂದು ಬ್ಯಾಂಕಿಗೆ ಹೋಗಿ ಖಾತೆ ನೋಡಿಸಿದೆ. ಆಧಾರ್ ಕಾರ್ಡಿಗೆ ಬೀಗ ಹಾಕುವ ವ್ಯವಸ್ಥೆ ಇದೆಯಂತೆ, ರೇಣುಕಾ ಹಾಕಿಕೊಟ್ಟಳು. ಝೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಹಾಳೆಯನ್ನೂ ಕೇಳಿ ಪಡೆಯುತ್ತೇನೆ. ಅಂಗಡಿಯವನಿಗೆ ನನ್ನನ್ನು ಕಂಡರೆ ಈಗ ಬೇಸರ.

ಆಮೇಲೆ ಮತ್ತೊಂದು ಜೂನ್ ಒಂದು ಬಂತು. ಅತ್ತರಿನ ಅಂಗಡಿ ತಪ್ಪದೆ ಹಾರೈಸಿತು. ಸೋಹಾರದವನು ಹಾರೈಸಿದ. ನಾನು ಎಂದೂ ಕೇಳದ ಎರಡು ಊರುಗಳಿಂದ ಹೊಸಬರು ಹಾರೈಸಿದರು. ಹುಟ್ಟದ ದಿನಕ್ಕೆ ಬಂದ ಹಾರೈಕೆ ಹೆಚ್ಚುತ್ತಲೇ ಇದೆ. ಪ್ರತಿ ಸಲ ಫೋನು ಟಿಣ್ ಎಂದಾಗಲೂ ಕೈ ಒರೆಸಿಕೊಂಡು ಯಾರೆಂದು ನೋಡುತ್ತೇನೆ, ಆಮೇಲೆ ಹಿಟ್ಟು ನಾದಲು ಕೂರುತ್ತೇನೆ.

ರೇಣುಕಾ ಮಸ್ಕತ್ತಿನಲ್ಲಿ ಸುಖವಾಗಿದ್ದಾಳೆ. ಆ ಅಜ್ಜ ಈಗ ತಾನೇ ಕಾಫಿ ಬಗ್ಗಿಸುತ್ತಾನಂತೆ. ಅವಳು ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ, ಎಳ್ಳಮಾವಾಸ್ಯೆಯ ಹೊತ್ತಿಗೆ, ಅವಳ ದಿನ ನಿಜವಾದದ್ದು. ಅಲ್ಲಿಗೆ ಹೋದ ಮೇಲಿನ ಮೊದಲ ಹುಟ್ಟುಹಬ್ಬದ ಸಂಜೆ ಫೋನು ಮಾಡಿದಳು. ದನಿ ಸಪ್ಪಗಿತ್ತು.

“ಅತ್ತಿ, ಬೆಳಗಿನಿಂದ ಇಲ್ಲಿ ಒಬ್ಬರರೆ ನನಗ ಹ್ಯಾಪಿ ಬರ್ತ್‌ಡೇ ಅನ್ಲಿಲ್ಲ. ಯಾರಿಗೂ ಗೊತ್ತಽ ಇಲ್ಲ.”

“ಪ್ರಕಾಶಣ್ಣಗ?”

“ಅವ್ರಿಗೂ ಗೊತ್ತಿಲ್ಲ. ಸಂಜಿಕ ನಾನಽ ಹೇಳಿದೆ.”

ಪಾಪ, ಅವಳಿಗೆ ಅಳು ಬರುವಂತಿತ್ತು. ಸಮಾಧಾನ ಹೇಳಬೇಕಾದ ನನಗೆ ಎಷ್ಟು ಸಂತೋಷವಾಯಿತೆಂದರೆ, ಫೋನು ಇಟ್ಟವಳೇ ಹೋಳಿಗೆಗೆ ಬೇಳೆ ಇಟ್ಟೆ.